ಕಿತ್ತಳೆ ಹರಳಿನ ಕೆಂಪು ಬೆಳಕು

ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು ನಡುಮಧ್ಯಾಹ್ನವನ್ನೇ ಕತ್ತಲು ಮಾಡಿಕೊಂಡಿದ್ದ ಆ ಕೋಣೆಯಲ್ಲಿ ನಾವು ಮೂವರಿದ್ದೆವು. ಮೇಜಿನ ಆಚೆ ಬದಿಗೆ ನಮ್ಮ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು. ಕಾಲೇಜಿಗೆಲ್ಲ ಅವರು ದೊಡ್ಡ ಸರ್. ಕಂಪ್ಯೂಟರಿನ ಮುಂದೆ ನನ್ನ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ, ಬೆಳ್ತಂಗಡಿಯಿಂದಲೂ ಒಳಗಿನ ಊರಿನವಳು. ಇವರಿಬ್ಬರ ನಡುವೆ, ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬಂದು, ಇನ್ನೂ ನೀರಿಳಿಯುತ್ತಿದ್ದ ಕೊಡೆಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ ನಾನು.

ಹುಡುಗಿ ನೇರಳಾತೀತ ದೀಪದ ಗುಂಡಿ ಒತ್ತಿದಳು. ಗಾಜಿನ ತುಂಡಿನ ಮೇಲೆ ಕೂತಿದ್ದ ಕಿತ್ತಳೆ ಬಣ್ಣದ ತೆಳು ಹರಳು ಪಕ್ಕನೆ ಹಸಿರಾಗಿ ಹೊಳೆಯಿತು. ಅದು ನಮಗೆ ಹೊಸತಲ್ಲ. ಹೊಸತು ಕಂಡದ್ದು, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ಪರದೆಯಲ್ಲಿ. ಹಸಿರಿನ ಜಾಗದಲ್ಲಿ ಯಾವತ್ತಿನ ಚೂಪು ಶಿಖರ ಇತ್ತು. ಅದರ ಬಲಕ್ಕೆ, ಕೆಂಪಿನ ಕಡೆಗೆ, ಅಗಲವಾದ ಒಂದು ದಿಬ್ಬ ಎದ್ದಿತ್ತು.

"ಇದೆಂತ ಇದು?" ಎಂದರು ದೊಡ್ಡ ಸರ್.

"ಗೊತ್ತಿಲ್ಲ ಸರ್. ನಿನ್ನೆಯೂ ಇತ್ತು. ನಾನು ಕನ್ನಡಕ ಒರೆಸಿ ಪುನಃ ನೋಡಿದೆ, ಆಗಲೂ ಇತ್ತು."

"ಕನ್ನಡಕಕ್ಕೂ ಸ್ಪೆಕ್ಟ್ರೋಮೀಟರಿಗೂ ಎಂತ ಸಂಬಂಧ ಮಾರಾಯ್ತಿ?" ಎಂದರು ಅವರು. ಆದರೆ ಹಾಗೆಂದವರೇ ತಮ್ಮ ಕನ್ನಡಕ ತೆಗೆದು ಒರೆಸಿದರು.

ಈ ಹರಳಿನ ಜಾತಕವನ್ನು ಸ್ವಲ್ಪ ಹೇಳಬೇಕು. ಪೆರೋವ್‌ಸ್ಕೈಟ್ ಎಂಬ ಕುಟುಂಬದ್ದು. ಸೀಸ ಮತ್ತು ಅಯೋಡಿನ್ ಸೇರಿದ ಪದರ ಒಂದು, ಅದರ ಮೇಲೆ ಸಾವಯವ ಅಣುಗಳ ಪದರ ಒಂದು, ಪುನಃ ಸೀಸದ್ದು, ಪುನಃ ಸಾವಯವದ್ದು. ನಮ್ಮ ಕಡೆಯವರಿಗೆ ಪತ್ರೊಡೆ ಎಂದರೆ ಸಾಕು; ಕೆಸುವಿನ ಎಲೆಗೆ ಹಿಟ್ಟು ಸವರಿ, ಮೇಲೆ ಎಲೆ ಇಟ್ಟು, ಪುನಃ ಸವರಿದ ಹಾಗೆ. ಬೆಳಕು ಬಿದ್ದಾಗ ಸೀಸದ ಪದರದಲ್ಲಿ ಒಂದು ಎಲೆಕ್ಟ್ರಾನ್ ಜಾಗ ಬಿಟ್ಟು ಏಳುತ್ತದೆ. ಅದು ಬಿಟ್ಟುಹೋದ ತೆರವು ಮತ್ತು ಅದು, ಎರಡೂ ಒಂದನ್ನೊಂದು ಬಿಡದೆ ಜೋಡಿಯಾಗಿ ತಿರುಗುತ್ತವೆ. ಆ ಜೋಡಿಗೆ ಎಕ್ಸಿಟಾನ್ ಎಂದು ಹೆಸರು. ಪದರ ತೆಳುವಾದಷ್ಟೂ ಜೋಡಿ ಬಿಗಿ. ಕೊನೆಗೆ ಎಲೆಕ್ಟ್ರಾನ್ ತನ್ನ ಜಾಗಕ್ಕೇ ಮರಳಿದಾಗ ಹಸಿರು ಬೆಳಕು ಹೊರಬರುತ್ತದೆ.

ಕೆಂಪು ಬರಬೇಕಾದರೆ ಜೋಡಿ ಎಲ್ಲೋ ಹೂತುಕೊಂಡು ಶಕ್ತಿ ಕಳೆದುಕೊಂಡಿರಬೇಕು. ಹೂತುಕೊಳ್ಳುವುದರಲ್ಲಿ ಎರಡು ವಿಧ. ಕೆಸರುಗದ್ದೆಯಲ್ಲಿ ಒಂದೇ ಕಡೆ ನಿಂತರೆ ನಮ್ಮ ಭಾರಕ್ಕೆ ನಾವೇ ಕುಳಿ ಮಾಡಿಕೊಂಡು ಮೊಣಕಾಲಿನವರೆಗೆ ಇಳಿಯುತ್ತೇವೆ. ಎಕ್ಸಿಟಾನ್ ಹೀಗೆ ತನ್ನ ಸುತ್ತಲಿನ ಹರಳನ್ನು ತಾನೇ ಬಗ್ಗಿಸಿ ಕೂತರೆ ಅದು ಸ್ವಯಂಬಂಧಿತ ಎಕ್ಸಿಟಾನ್. ಅದು ಹರಳಿನ ಹುಟ್ಟುಗುಣ, ದೊಡ್ಡ ಸುದ್ದಿ. ಇನ್ನೊಂದು, ಯಾರೋ ಮೊದಲೇ ತೋಡಿಟ್ಟ ಗುಂಡಿಗೆ ಬೀಳುವುದು. ಅಂದರೆ ಹರಳಿನಲ್ಲಿ ಎಲ್ಲೋ ಒಂದು ಪರಮಾಣು ಕಾಣೆಯಾಗಿದೆ, ಆ ಕುಂದಿನಲ್ಲಿ ಜೋಡಿ ಸಿಕ್ಕಿಬಿದ್ದಿದೆ. ಅದು ಸುದ್ದಿಯಲ್ಲ, ಹರಳಿನ ದೋಷ. ಎರಡರಿಂದಲೂ ಬರುವುದು ಅದೇ ಕೆಂಪು ದಿಬ್ಬ.

ಹುಡುಗಿಯ ಪಿಎಚ್‌.ಡಿ. ಅವಧಿ ಮುಗಿಯುತ್ತಾ ಬಂದಿತ್ತು. ಮಹಾಪ್ರಬಂಧದ ಉಳಿದ ಅಧ್ಯಾಯಗಳೆಲ್ಲ ಬೇರೆಯವರು ನಡೆದ ದಾರಿಯಲ್ಲೇ ನಡೆದವು. ಇದೊಂದು ನಿಜವಾದರೆ ಅದು ಅವಳದ್ದೇ. ದೊಡ್ಡ ಸರ್‌ಗೂ ಆ ವರ್ಷ ನಿವೃತ್ತಿ. ಮೂವರಿಗೂ ಆ ದಿಬ್ಬ ಸ್ವಯಂಬಂಧಿತವೇ ಆಗಿರಲಿ ಎಂಬ ಆಸೆ ಹುಟ್ಟಿದ್ದು ಸಹಜವೇ.

ಹರಳು ಬೆಳೆಸುವ ಕೆಲಸ ಅವಳ ಕೈಗೆ ಒಗ್ಗಿತ್ತು. ಬಿಸಿ ಆಮ್ಲದಲ್ಲಿ ಎಲ್ಲವನ್ನೂ ಕರಗಿಸಿ ಬಹಳ ನಿಧಾನ ಆರಿಸಬೇಕು. ನಿಧಾನ ಆರಿದಷ್ಟೂ ಹರಳು ದೊಡ್ಡದು. ಯಂತ್ರದ ಒಲೆಯಲ್ಲಿ ಇಡೋಣವೆಂದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿ ನಮ್ಮ ತಾಳ್ಮೆ ಕೆಡಿಸುತ್ತಿತ್ತು. ಅವಳು ಊರಿನಿಂದ ಒಂದು ಗೋಣಿ ಭತ್ತದ ಉಮಿ ತಂದಳು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಉಮಿ ತುಂಬಿ, ನಡುವೆ ಬಿಸಿನೀರಿನ ಪಾತ್ರೆ, ಅದರೊಳಗೆ ಸೀಸೆ ಇಟ್ಟು ಮುಚ್ಚಿಬಿಟ್ಟಳು. ಕರೆಂಟಿನ ಹಂಗಿಲ್ಲ. ಮರುದಿನವೇ ತೆರೆಯಲು ಹೋದ ನನ್ನನ್ನು ತಡೆದು, "ಬೇಯುವ ತನಕ ಕಾದವರಿಗೆ ಆರುವ ತನಕ ಕಾಯ್ಲಿಕ್ಕೆ ಆಗುದಿಲ್ವಾ ಸರ್?" ಎಂದಳು. ನನ್ನ ಅಜ್ಜಿ ನನಗೆ ಹೇಳುತ್ತಿದ್ದ ಮಾತು. ಶಿಷ್ಯೆಯ ಬಾಯಿಂದ ಕೇಳಿಸಿಕೊಂಡು ಸುಮ್ಮನೆ ಕೈ ಹಿಂದೆ ತೆಗೆದೆ. ಆ ಪೆಟ್ಟಿಗೆಯಿಂದಲೇ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾದ, ದಪ್ಪವಾದ ಹರಳೊಂದು ಬಂತು. ಅಂಥದ್ದು ಆಮೇಲೆ ಬರಲಿಲ್ಲ. ಆಮ್ಲದ ಬಾಟಲಿಯೂ ಅಲ್ಲಿಗೆ ಖಾಲಿಯಾಯಿತು.

ಕೆಂಪಿನ ಮೂಲ ತಿಳಿಯಬೇಕಾದರೆ ಹರಳನ್ನು ಚೆನ್ನಾಗಿ ತಣಿಸಿ ನೋಡಬೇಕಿತ್ತು. ಸ್ವಯಂಬಂಧಿತವಾದರೆ ತಣಿದಷ್ಟೂ ಕೆಂಪು ಏರಬೇಕು. ತಣಿಸಲು ದ್ರವ ಸಾರಜನಕ ಬೇಕು. ನಮ್ಮ ಕಾಲೇಜಿನಲ್ಲಿ ಅದೆಲ್ಲಿ? ಹುಡುಗಿಯೇ ನೆನಪು ಮಾಡಿದಳು: ದನಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ನಳಿಗೆಗಳನ್ನು ಪಶುವೈದ್ಯರು ದ್ರವ ಸಾರಜನಕದಲ್ಲೇ ಇಡುವುದು. ಬೆಳ್ತಂಗಡಿ ಕಡೆಯ ಒಬ್ಬ ಪಶುವೈದ್ಯರು ಅವಳಿಗೆ ಪರಿಚಯ. ಅನುಮತಿಯ ಕೆಲಸವೆಲ್ಲ ಮುಗಿಸಿ ನಾವಿಬ್ಬರೂ ನನ್ನ ಹಳೆಯ ಕಾರಿನಲ್ಲಿ ಹೋದೆವು.

ವೈದ್ಯರು ಕ್ಯಾನಿನಿಂದ ಹೊಗೆಯಾಡುವ ದ್ರವವನ್ನು ನಮ್ಮ ಪಾತ್ರೆಗೆ ಇಳಿಸುತ್ತಾ ಕೇಳಿದರು: "ಮೇಷ್ಟ್ರೇ, ನಿಮ್ಮ ಹರಳಿಗೂ ಗಬ್ಬ ಕಟ್ಟಿಸ್ಲಿಕ್ಕುಂಟಾ?"

"ಅದು ಈಗಾಗಲೇ ಕಟ್ಟಿದೆ ಡಾಕ್ಟ್ರೇ. ಹೊಟ್ಟೆಯಲ್ಲಿ ಎಂತ ಉಂಟು ಅಂತ ನೋಡ್ಲಿಕ್ಕೆ ಇದು," ಎಂದಳು ಹುಡುಗಿ.

"ಹಾಗಾದ್ರೆ ಕಾರಿನ ಗ್ಲಾಸು ಏರಿಸಬೇಡಿ. ಇದರ ಗ್ಯಾಸು ತುಂಬಿದ್ರೆ ಉಸಿರು ಕಟ್ತದೆ. ಮಳೆ ಬಂದ್ರೆ ನೆನೀರಿ, ಸಾಯುದಕ್ಕಿಂತ ಒಳ್ಳೇದು."

ಮಳೆ ಬಂತು. ವೇಣೂರು ದಾಟುವಷ್ಟರಲ್ಲಿ ನನ್ನ ಬಲತೋಳು, ಅವಳ ಎಡತೋಳು ತೊಯ್ದು ತೊಪ್ಪೆ. ಕಾರಿನ ಹಿಂದೆ ಪಾತ್ರೆ ಮಾತ್ರ ಹಾಸಿಗೆ ಸುತ್ತಿಕೊಂಡು ಬೆಚ್ಚಗೆ, ಅಲ್ಲ, ತಣ್ಣಗೆ ಕೂತಿತ್ತು.

ತಣಿಸುವ ಸಾಧನವನ್ನು ನಾವೇ ಮಾಡಿಕೊಂಡೆವು. ಫ್ಲಾಸ್ಕಿನ ದ್ರವದಲ್ಲಿ ತಾಮ್ರದ ಸರಳು ಇಳಿಬಿಟ್ಟು, ಅದರ ತಲೆಯ ಮೇಲೆ ಗ್ರೀಸ್ ಹಚ್ಚಿ ಸಣ್ಣ ಹರಳೊಂದನ್ನು ಅಂಟಿಸಿದೆವು. ಕೂಡಲೇ ಹರಳಿನ ಮೇಲೆ ಬಿಳಿ ಹಿಮ ಕೂತಿತು. ನಮ್ಮ ಆಷಾಢದ ಗಾಳಿಯಲ್ಲಿ ನೀರಿಗೆ ಬರವೇ? ಒರೆಸಿದರೆ ಮತ್ತೆ ಕೂರುತ್ತದೆ. ಆ ದಿನವೆಲ್ಲ ವ್ಯರ್ಥ. ಮರುದಿನ ದೊಡ್ಡ ಸರ್ ಗಂಟೆಯಾಕಾರದ ಒಂದು ಗಾಜಿನ ಮುಚ್ಚಳವನ್ನು ತಂದು ಬೋರಲು ಹಾಕಿ, ಫ್ಲಾಸ್ಕಿನಿಂದ ಏಳುವ ಒಣ ಸಾರಜನಕದ ಹಬೆಯನ್ನೇ ರಬ್ಬರ್ ನಳಿಗೆಯಲ್ಲಿ ಅದರೊಳಗೆ ಹಾಯಿಸಿದರು. ಹಿಮ ಕೂರಲಿಲ್ಲ. ಹರಳು ತಣಿದಂತೆ ಪರದೆಯ ಕೆಂಪು ದಿಬ್ಬ ಎದ್ದಿತು, ಎದ್ದಿತು, ಹಸಿರು ಶಿಖರವನ್ನೇ ಮೀರಿಸಿತು. ಕತ್ತಲಲ್ಲಿ ಬರಿಗಣ್ಣಿಗೇ ಹರಳು ಕೆಂಡದ ಹಾಗೆ ಕಂಡಿತು.

"ಸಾಕು. ಬರೆ," ಎಂದರು ದೊಡ್ಡ ಸರ್. "ನಾನು ರಿಟೈರ್ ಆಗಿ ಮನೆಗೆ ಹೋಗುದ್ರೊಳಗೆ ಇದು ಪತ್ರಿಕೆಗೆ ಹೋಗ್ಬೇಕು."

ಅವಳು ಬರೆದಳು. ಶೀರ್ಷಿಕೆಯಲ್ಲೇ 'ಸ್ವಯಂಬಂಧಿತ' ಎಂಬ ಮಾತು ಇತ್ತು. ಇನ್ನಷ್ಟು ಕಡುತಣ್ಣನೆಯ ಅಳತೆ ಇದ್ದರೆ ಲೇಖನಕ್ಕೆ ಬಲ ಎಂದು, ದೂರದ ದೊಡ್ಡ ಸಂಸ್ಥೆಯೊಂದರಲ್ಲಿದ್ದ ನನ್ನ ಸಹಪಾಠಿಗೆ ಅದೇ ಸೀಸೆಯ ಕೆಲವು ಚೂರುಗಳನ್ನು ಕಳಿಸಿದ್ದೆವು. ಹುಟ್ಟಿದ ದ್ರಾವಣದಲ್ಲೇ ಮುಳುಗಿಸಿ, ಮುಚ್ಚಳಕ್ಕೆ ಮೇಣ ಹಾಕಿ. ಕರಡು ಮುಗಿಯುವ ಹೊತ್ತಿಗೆ ಅವನ ಫೋನ್ ಬಂತು.

"ಎಂತದು ಮಾರಾಯ ನೀನು ಕಳಿಸಿದ್ದು? ಹಸಿರು ಉಂಟು, ಚಂದ ಉಂಟು. ಕೆಂಪು ಎಲ್ಲಿ?"

"ತಣಿಸಿದೆಯಾ?"

"ನಿನ್ನ ದನದ ಡಾಕ್ಟ್ರು ಕನಸಲ್ಲಿ ಕಾಣದಷ್ಟು ತಣಿಸಿದೆ. ಕೆಂಪು ಇಲ್ಲ. ಇದ್ದರೂ ಹೆಸರಿಗೆ ಮಾತ್ರ."

ಫೋನ್ ಇಟ್ಟು ತಿರುಗಿದೆ. ಹುಡುಗಿ ನನ್ನ ಮುಖದಲ್ಲೇ ಎಲ್ಲವನ್ನೂ ಓದಿಕೊಂಡಿದ್ದಳು. ಒಂದೇ ಸೀಸೆಯ ಹರಳು, ಅಲ್ಲಿ ಹಸಿರು, ಇಲ್ಲಿ ಕೆಂಪು.

ಮೊದಲು ನಮ್ಮ ಉಪಕರಣದ ಮೇಲೆಯೇ ಸಂಶಯಪಟ್ಟೆವು. ನೇರಳಾತೀತ ಬೆಳಕು ಸ್ಪೆಕ್ಟ್ರೋಮೀಟರಿನೊಳಗೆ ಎರಡನೆಯ ಸುತ್ತಿನಲ್ಲಿ ಕೆಂಪಿನ ಜಾಗದಲ್ಲಿ ಸುಳ್ಳು ಗುರುತು ಮೂಡಿಸುವುದುಂಟು. ಅದನ್ನು ತಡೆಯುವ ಹಳದಿ ಗಾಜು ಅಡ್ಡ ಇಟ್ಟೆವು. ದಿಬ್ಬ ಅಲ್ಲೇ ಇತ್ತು. ಗ್ರೀಸನ್ನು ಮಾತ್ರ ಅಳೆದೆವು, ಅದು ನಿರಪರಾಧಿ. ಗಾಜಿನ ಕೆಳಗಿನ ಬಿಳಿ ಕಾಗದ ನೀಲಿಯಾಗಿ ಮಿನುಗಿತು, ಕೆಂಪಾಗಿ ಅಲ್ಲ. ಪಕ್ಕದಲ್ಲಿ ನಿಂತ ಹುಡುಗಿಯ ಬಿಳಿ ಕೋಟು ಅದಕ್ಕಿಂತ ಜೋರಾಗಿ ಮಿನುಗಿತು. "ಸೋಪಿನ ಪುಡಿ ಈ ಬೆಳಕಿಗೆ ಹೊಳೀತದೆ. ನಿನ್ನಮ್ಮ ಪುಡಿ ಹಾಕುದ್ರಲ್ಲಿ ಧಾರಾಳಿ," ಎಂದರು ದೊಡ್ಡ ಸರ್. ನಗಬೇಕಿತ್ತು. ಯಾರೂ ನಗಲಿಲ್ಲ.

ಆಮೇಲೆ ಅವಳೇ ಒಂದು ಪರೀಕ್ಷೆ ಮಾಡಿದಳು. ಸೊಳ್ಳೆ ಬಾರದಂತೆ ಕಿಟಕಿಗೆ ಹೊಡೆಯುವ ತಂತಿಜಾಲರಿಯನ್ನು ತುಂಡು ಮಾಡಿ, ದೀಪದ ಮುಂದೆ ಒಂದರ ಮೇಲೊಂದು ಇಟ್ಟು, ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತಾ ಹೋದಳು. ಎಕ್ಸಿಟಾನ್‌ಗಳು ತಮ್ಮ ಕುಳಿಯನ್ನು ತಾವೇ ಮಾಡಿಕೊಳ್ಳುವುದಾದರೆ ಎಷ್ಟು ಮಂದಿ ಬಂದರೂ ಜಾಗಕ್ಕೆ ಕೊರತೆಯಿಲ್ಲ; ಬೆಳಕು ಏರಿದಷ್ಟೂ ಕೆಂಪೂ ಏರಬೇಕು. ಗುಂಡಿಗಳು ಮೊದಲೇ ತೋಡಿದವಾದರೆ ಅವು ತುಂಬಿಹೋಗಿ ಕೆಂಪು ಹಿಂದೆ ಬೀಳಬೇಕು. ಕೆಂಪು ಹಿಂದೆ ಬಿತ್ತು. ತುಸುವೇ, ಆದರೂ ಬಿತ್ತು.

ದೊಡ್ಡ ಸರ್ ಒಪ್ಪಲಿಲ್ಲ. "ಜೋರು ಬೆಳಕಿಗೆ ಹರಳು ಬಿಸಿ ಆಗಿರಬಹುದು. ಬಿಸಿಗೆ ಕೆಂಪು ಇಳೀತದೆ ಅಂತ ನೀವೇ ತೋರಿಸಿದ್ದಲ್ವಾ?" ಅವರ ಮಾತಿನಲ್ಲಿ ಹುರುಳಿತ್ತು. ಅದು ಆಸೆಯ ಮಾತು ಮಾತ್ರವಲ್ಲ, ಒಳ್ಳೆಯ ಭೌತವಿಜ್ಞಾನಿಯ ಮಾತೂ ಹೌದು.

ಎರಡು ದಿನ ಅವಳು ಹಳೆಯ ಗ್ರಾಫುಗಳನ್ನೇ ಮತ್ತೆ ಮತ್ತೆ ತೆರೆದು ನೋಡಿದಳು. ಮೂರನೆಯ ದಿನ ಮಧ್ಯಾಹ್ನದ ಬುತ್ತಿ ಬಿಚ್ಚದೆಯೇ ಬಂದು ನಿಂತಳು.

"ಸರ್, ದೊಡ್ಡ ಹರಳನ್ನು ಸುಲಿಯುವ."

ಪದರದ ಹರಳಿಗೆ ಅಂಟುಪಟ್ಟಿ ಹಚ್ಚಿ ಎಳೆದರೆ ಮೇಲಿನ ಪದರಗಳು ಅದರೊಂದಿಗೆ ಎದ್ದು ಬರುತ್ತವೆ, ಒಳಗಿನದ್ದು ಹೊಚ್ಚಹೊಸದಾಗಿ ತೆರೆದುಕೊಳ್ಳುತ್ತದೆ. ನೇರಳಾತೀತ ಬೆಳಕು ಆಳಕ್ಕಿಳಿಯದು. ಮೇಲ್ಮೈಯಲ್ಲೇ ತನ್ನ ಆಟ ಮುಗಿಸುತ್ತದೆ. ಕೆಂಪು ಹರಳಿನ ಹುಟ್ಟುಗುಣವಾದರೆ ಸುಲಿದ ಮೇಲೂ ಇರಬೇಕು. ಮೇಲ್ಮೈಯ ದೋಷವಾದರೆ ಪಟ್ಟಿಯ ಜೊತೆಗೇ ಹೋಗಬೇಕು. ಇದರಲ್ಲಿ ನುಣುಚಿಕೊಳ್ಳಲು ದಾರಿಯಿಲ್ಲ. ಆದರೆ ಚೂರು ಹರಳುಗಳು ಪಟ್ಟಿ ಎಳೆದರೆ ಪುಡಿಯಾಗುತ್ತಿದ್ದವು. ಸುಲಿಸಿಕೊಳ್ಳುವಷ್ಟು ದಪ್ಪ ಇದ್ದದ್ದು ಅದೊಂದಕ್ಕೇ.

"ಹುಚ್ಚು ಹಿಡಿದಿದೆಯಾ?" ದೊಡ್ಡ ಸರ್ ಎದ್ದೇ ನಿಂತರು. "ಅದು ಒಡೆದ್ರೆ ರಚನೆ ನೋಡುವ ಎಕ್ಸ್‌-ರೇಗೆ ಎಂತ ಕೊಡ್ತೀ? ಆಮ್ಲ ಬರ್ಲಿಕ್ಕೆ ಇನ್ನೆಷ್ಟು ಸಮಯ ಉಂಟು ಗೊತ್ತುಂಟಾ? ಲೇಖನ ಕಳಿಸು. ತಪ್ಪಿದ್ರೆ ಪತ್ರಿಕೆಯವರೇ ಹೇಳ್ತಾರೆ."

"ಅವರು ಹೇಳದಿದ್ರೆ ಸರ್?"

ಅವಳು ನನ್ನ ಕಡೆ ತಿರುಗಿದಳು. ಹೌದೆನ್ನಲು ಧೈರ್ಯ ಸಾಲದು, ಬೇಡವೆನ್ನಲು ಬಾಯಿ ಬಾರದು. "ಹರಳು ನಿನ್ನದು ಮಗಾ. ಹೆಸರೂ ನಿನ್ನದೇ ಹೋಗುವುದು. ನೀನು ಹೇಳಿದ ಹಾಗೆ," ಎಂದೆ.

ಅವಳು ಕೈ ತೊಳೆದು ಒರೆಸಿಕೊಂಡು ಬಂದಳು. ಹಬ್ಬದ ದಿನ ದೋಸೆಗೆ ಮೊದಲ ಸೌಟು ಹಿಟ್ಟು ಹೊಯ್ಯುವವರ ಮುಖದಲ್ಲಿ ಇರುವಂಥ ಗಂಭೀರ ಕಳೆ. ಮೊದಲು ಹಾಗೆಯೇ ಅಳೆದಳು: ಹಸಿರು ಶಿಖರ, ಕೆಂಪು ದಿಬ್ಬ. ಆಮೇಲೆ ಅಂಗಡಿಯ ಮಾಮೂಲು ಅಂಟುಪಟ್ಟಿಯನ್ನು ಹರಳಿನ ಮೇಲೆ ಹಾಸಿ, ಬೆರಳ ತುದಿಯಿಂದ ನೀವಿ, ಒಂದು ಮೂಲೆಯಿಂದ ಎತ್ತಿದಳು. ಸಣ್ಣಗೆ ಚಿಟ್ ಎಂದಿತು. ದೊಡ್ಡ ಸರ್ ಕಣ್ಣು ಮುಚ್ಚಿಕೊಂಡರು.

ಹರಳು ಎರಡಾಗಿತ್ತು. ಆದರೆ ಎರಡೂ ತುಂಡುಗಳ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ದೀಪ ಒತ್ತಿದಳು. ಪರದೆಯಲ್ಲಿ ಹಸಿರು ಶಿಖರ ನೆಟ್ಟಗೆ ಎದ್ದಿತು, ಹಿಂದೆಂದಿಗಿಂತ ಚೂಪಾಗಿ. ಅದರ ಬಲಕ್ಕೆ ಬೋಳು ಬಯಲು.

ಅವಳು ಅಂಟುಪಟ್ಟಿಯನ್ನೇ ದೀಪದಡಿ ಇಟ್ಟಳು. ನಮ್ಮ ಕೆಂಪು ಅದರ ಮೇಲಿತ್ತು.

ಹೊರಗೆ ವರಾಂಡದಲ್ಲಿ ಯಾರೋ ಕೊಡೆ ಕೊಡವಿದ ಶಬ್ದ ಕೇಳಿಸಿತು. ಅವಳು ಗ್ರಾಫನ್ನು ಉಳಿಸಿ, ಕಂಪ್ಯೂಟರಿನಲ್ಲಿ ಲೇಖನದ ಕರಡು ತೆರೆದು, ಶೀರ್ಷಿಕೆ ಅಳಿಸಿದಳು. ಆಮೇಲೆ ಕಿಟಕಿಯ ಕಪ್ಪು ಬಟ್ಟೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. ನಾನು ಆ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಂದದ್ದು ಹೊಸ ಪ್ರಶ್ನೆ ಹಿಡಿದುಕೊಂಡು. "ಗುಂಡಿ ತೋಡಿದ್ದು ಯಾರು ಸರ್? ನಿಮ್ಮ ಫ್ರೆಂಡಿಗೆ ಹೋದದ್ದರಲ್ಲಿ ಗುಂಡಿ ಇಲ್ಲ. ಇಲ್ಲಿ ಉಳಿದದ್ದರಲ್ಲಿ ಉಂಟು. ಇಲ್ಲಿ ಅದು ಎಲ್ಲಿತ್ತು?"

ಎಲ್ಲಿತ್ತು? ಕಪಾಟಿನಲ್ಲಿ. ಕರಾವಳಿಯವರಿಗೆ ಇದನ್ನು ವಿವರಿಸುವುದು ಬೇಡ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೆಂದು ಮನೆಯ ಕಪಾಟಿನೊಳಗೆ ಬಲ್ಬು ಹೊತ್ತಿಸಿಡುತ್ತೇವೆ. ಪಟ್ಟೆಸೀರೆ, ಜಾತಕ, ಮಾರ್ಕ್ಸ್‌ಕಾರ್ಡು, ಕ್ಯಾಮೆರಾ ಎಲ್ಲ ಅದರ ಬಿಸಿಯಲ್ಲಿ ಸುಖವಾಗಿರುತ್ತವೆ. ನಮ್ಮ ವಿಭಾಗದಲ್ಲೂ ಅಂಥದ್ದೊಂದು ಮರದ ಕಪಾಟು, ದೊಡ್ಡ ಸರ್ ಅವರ ಗುರುಗಳ ಕಾಲದಿಂದ. ಮಸೂರಗಳು ಅದರಲ್ಲಿ. ಒಳ್ಳೆಯ ವಸ್ತು ಯಾವುದು ಬಂದರೂ ಕೈ ತಾನಾಗಿ ಆ ಬಾಗಿಲಿಗೆ ಹೋಗುತ್ತಿತ್ತು. ಹರಳುಗಳನ್ನು ದ್ರಾವಣದಿಂದ ತೆಗೆದು, ಒಣಗಿಸಿ, ಅತ್ಯಂತ ಪ್ರೀತಿಯಿಂದ ಇಟ್ಟದ್ದು ಬಲ್ಬಿನ ಪಕ್ಕದಲ್ಲೇ.

ಅವಳು ಸುಲಿದ ಒಂದು ತುಂಡನ್ನು ಸೀಸೆಗೆ ಹಾಕಿ ಆ ಕಪಾಟಿನಲ್ಲೇ ಇಟ್ಟಳು. ಇನ್ನೊಂದನ್ನು ಕಪ್ಪು ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಕಾಳುಗಳಿದ್ದ ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಮೇಜಿನ ಸೆಳೆಖಾನೆಯಲ್ಲಿ ಮುಚ್ಚಿಟ್ಟಳು. ವಾರ ಕಳೆದು ನೋಡಿದರೆ ಡಬ್ಬಿಯದ್ದು ಹಸಿರು, ಕಪಾಟಿನದ್ದರಲ್ಲಿ ಕೆಂಪು ಪುನಃ ತಲೆ ಎತ್ತಿತ್ತು. ಕಪಾಟಿನ ಸೀಸೆಯ ಮುಚ್ಚಳದ ಒಳಬದಿ ನಸುಕಂದಾಗಿತ್ತು. ಆ ಕಲೆಯನ್ನು ಹಿಂದೆಯೂ ಕಂಡಿದ್ದೆವು. ಮಳೆಗಾಲದ ಕಿಲುಬು ಎಂದುಕೊಂಡಿದ್ದೆವು. ಅದು ಬಲ್ಬಿನ ಬಿಸಿಗೂ ಬೆಳಕಿಗೂ ಹರಳಿನ ಮೈಬಿಟ್ಟು ಹೋದ ಅಯೋಡಿನ್. ಹೋದ ಜಾಗಗಳೇ ಗುಂಡಿಗಳು.

ದೊಡ್ಡ ಸರ್ ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಲೆನ್ಸಿಗೆ ಹಾಲು, ಹರಳಿಗೆ ವಿಷ," ಎಂದರು. ಆಮೇಲೆ ತಾವೇ ಕಪಾಟಿನ ಬಾಗಿಲು ತೆರೆದು, ಹರಳಿನ ಸೀಸೆಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಮೇಜಿನ ಮೇಲೆ ಜೋಡಿಸಿದರು. ಬಲ್ಬನ್ನು ಮಾತ್ರ ಆರಿಸಲಿಲ್ಲ. ಮಸೂರಗಳು ಒಳಗಿದ್ದವಲ್ಲ.

ಅವಳು ಅವಧಿಯನ್ನು ವಿಸ್ತರಿಸಿಕೊಂಡಳು. ಹೊಸ ಆಮ್ಲ ಬಂತು, ಉಮಿಯ ಪೆಟ್ಟಿಗೆ ಮತ್ತೆ ಬಿಸಿಯಾಯಿತು. ಪದರದ ಹರಳಿನ ಮೇಲ್ಮೈ ಹೇಗೆ ಸವೆಯುತ್ತದೆ, ಸವೆದ ಮೇಲ್ಮೈ ಎಕ್ಸಿಟಾನನ್ನು ಹೇಗೆ ಹಿಡಿಯುತ್ತದೆ, ಸುಲಿದರೆ ಹೇಗೆ ಬಿಡುತ್ತದೆ ಎಂದು ಹೊಸ ಲೇಖನ ಬರೆದಳು. ಮೊದಲು ಎಣಿಸಿದ್ದಷ್ಟು ದೊಡ್ಡ ಪತ್ರಿಕೆಯಲ್ಲ, ಅಷ್ಟು ದೊಡ್ಡ ಮಾತೂ ಅಲ್ಲ. ಅದು ಅಚ್ಚಾಗುವ ಮೊದಲೇ ದೊಡ್ಡ ಸರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರು ಅವಳನ್ನು ಕರೆದು, "ನಾನು ಅವತ್ತು ಕಣ್ಣು ಮುಚ್ಚಿದ್ದು ಪ್ರಾರ್ಥನೆಗೆ ಅಂತ ಯಾರಿಗಾದ್ರೂ ಹೇಳು, ಹೆದರಿದ್ದು ಅಂತ ಹೇಳ್ಬೇಡ," ಎಂದರು. ಈಗ ಪುತ್ತಿಗೆಯಲ್ಲಿದ್ದಾರೆ. ಮೂಡುಬಿದಿರೆ ಪೇಟೆಯಲ್ಲಿ ಸಿಕ್ಕಾಗ ಮೊದಲು ಹರಳಿನ ಆರೋಗ್ಯ ಕೇಳುತ್ತಾರೆ, ಆಮೇಲೆ ನನ್ನದು. ನಾನೂ ನಿವೃತ್ತ. ಆ ಕೋಣೆಯ ಕಿಟಕಿಗಳಿಗೆ ಈಗ ಒಳ್ಳೆಯ ಪರದೆ, ಗೋಡೆಗೆ ತೇವ ಹೀರುವ ಯಂತ್ರ. ಕೆಲವೊಮ್ಮೆ ಸಿದ್ಧಕಟ್ಟೆ ಬಸ್ಸಿನಲ್ಲಿ ಕಿಟಕಿ ಬದಿ ಕೂತಾಗ, ಒದ್ದೆ ತೋಳಿನ ಆ ತಂಪು, ಬಿಸಿ ಆಮ್ಲದ ಆ ಘಾಟು ವಾಸನೆ ಎಲ್ಲಿಂದಲೋ ಬಂದು ಹಾದುಹೋಗುತ್ತವೆ.

ಹುಡುಗಿ ಈಗ ಬೆಳ್ತಂಗಡಿ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹೋದ ವರ್ಷ ಹೊರದೇಶದ ಒಂದು ತಂಡ ಅದೇ ಬಗೆಯ ಹರಳಿನಲ್ಲಿ ಅದೇ ಕೆಂಪು ದಿಬ್ಬ ಕಂಡು, ಶೀರ್ಷಿಕೆಯಲ್ಲೇ ಸ್ವಯಂಬಂಧಿತ ಎಕ್ಸಿಟಾನ್ ಎಂದು ಸಾರುವ ಲೇಖನವನ್ನು ಅಚ್ಚಿಗೆ ಮೊದಲೇ ಅಂತರ್ಜಾಲದಲ್ಲಿ ಹಾಕಿತು. ಅವಳು ಅವರಿಗೆ ಮೇಲ್ ಮಾಡಿ, ಒಮ್ಮೆ ಸುಲಿದು ನೋಡಿದ್ದೀರಾ ಎಂದು ಕೇಳಿದಳು. ಸುಲಿಯುವುದು ಹೇಗೆಂದು ತೋರಿಸಿ ಎಂದು ಅವರಿಂದ ಉತ್ತರ ಬಂತು. ಒಂದು ಭಾನುವಾರ ಮನೆಯ ಊಟದ ಮೇಜಿನ ಮೇಲೆ ಹರಳನ್ನಿಟ್ಟು, ಅಮ್ಮನ ಕೈಗೆ ಮೊಬೈಲ್ ಕೊಟ್ಟು, ಸುಲಿಯುವುದನ್ನು ಚಿತ್ರೀಕರಿಸಿ ಕಳಿಸಿದಳು. ಕೆಲವು ತಿಂಗಳು ಕಳೆದು ಅವರು ಅದೇ ಲೇಖನದ ಎರಡನೆಯ ಆವೃತ್ತಿಯನ್ನು ಹಾಕಿದರು. ಕೊನೆಯ ಪುಟದಲ್ಲಿ ಅವಳಿಗೆ ಕೃತಜ್ಞತೆ ಹೇಳಿದ್ದರು. ಶೀರ್ಷಿಕೆಯಿಂದ ಒಂದು ಪದವನ್ನು ತೆಗೆದಿದ್ದರು.